ಅಜ್ಜಿಯ ಕೊಯ್ನ ತಪ್ಪಲ್ಲ

ಅಧ್ಯಕ್ಷರೇ, ಗೆಳೆಯರೇ, ನಮಸ್ಕಾರ. ಇವತ್ತು ಏಪ್ರಿಲ್ 25, ಮಲೇರಿಯಾ ದಿನ. ಸೊಳ್ಳೆ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಸೊಳ್ಳೆ ಬಗ್ಗೆ ನಿಮಗೆ ನಾನು ಹೇಳಬೇಕಾ? ನನಗಿಂತ ಮೊದಲೇ ಬಂದು ಇಲ್ಲಿ ಕೂತಿವೆ. ನಾನು ಔಷಧಿ ಅಂಗಡಿಯಲ್ಲಿ ಆಯುಸ್ಸು ಕಳೆದವನು. ಹಾಗಾಗಿ ಒಂದು ಮಾತ್ರೆಯ ಹೆಸರಿನ ಬಗ್ಗೆ ಹೇಳುತ್ತೇನೆ. ಕ್ವಿನೈನ್, ಮರದ ತೊಗಟೆಯಿಂದ ಬಂದ ಮಲೇರಿಯಾದ ಹಳೇ ಔಷಧಿ.

ಯಾಕೆ ಅಂದ್ರೆ, ಹೋದ ತಿಂಗಳು ಒಬ್ಬ ಹುಡುಗ ಡಾಕ್ಟರ ಮುಂದೆ ನಮ್ಮೂರಿನ ಹಿರಿಯರೊಬ್ಬರು, 'ಮೊದಲೆಲ್ಲ ಕೊಯ್ನ ಕೊಡ್ತಿದ್ರು' ಅಂದರು. ಹುಡುಗ ನಕ್ಕ. 'ಕೊಯ್ನ ಅಲ್ಲ ಅಜ್ಜಾ, ಕ್ವಿನೈನ್' ಅಂತ ತಿದ್ದಿದ. ಅಜ್ಜ ಸುಮ್ಮನಾದರು. ನನಗೆ ಸುಮ್ಮನಿರೋಕೆ ಆಗಲಿಲ್ಲ.

ನಮ್ಮ ಅಜ್ಜಿಯೂ ಕೊಯ್ನ ಅಂತಲೇ ಅನ್ನುತ್ತಿದ್ದಳು. ಮಲೆನಾಡಿನ ಮನೆ. ದೇವರ ಗೂಡಿನ ಪಕ್ಕ ಒಂದು ತಗಡಿನ ಡಬ್ಬಿ. ಚಳಿ ಜ್ವರ ಬಂತು ಅಂದ್ರೆ ಮೂರು ಕಂಬಳಿ ಹೊದೆಸಿ, ಮಾತ್ರೆಯನ್ನು ಬೆಲ್ಲದ ಮುದ್ದೆಯೊಳಗೆ ಇಟ್ಟು ಬಾಯಿಗೆ ತುರುಕುತ್ತಿದ್ದಳು. ಬೆಲ್ಲ ಮೊದಲು ಕರಗುತ್ತದೆ, ಅಲ್ವಾ? ಆಮೇಲೆ ಉಳಿಯೋದು ಬರೀ ಕಹಿ. ಅನ್ನ ಕಹಿ, ಮಜ್ಜಿಗೆ ಕಹಿ, ನನ್ನ ಎಂಜಲೂ ಕಹಿ. ಅದಾದ ಮೇಲೆ ಕಿವಿಯಲ್ಲಿ 'ಗುಂಯ್' ಶುರು. ಅಜ್ಜಿ ಸಂಜೆ ಹಣೆ ಮುಟ್ಟಿ ಕೇಳುತ್ತಿದ್ದಳು, 'ಜೀರುಂಡೆ ಕೂಗ್ತಾ ಮಗಾ?' ಹೌದು ಅಂದ್ರೆ ಔಷಧಿ ಹಿಡಿಯಿತು ಅಂತ ಅವಳ ಲೆಕ್ಕ. ಎಷ್ಟೋ ವರ್ಷದ ಮೇಲೆ ಫಾರ್ಮಸಿ ಪುಸ್ತಕದಲ್ಲಿ ಓದಿದೆ: ಕ್ವಿನೈನ್ ಮೈಯಲ್ಲಿ ಜಾಸ್ತಿಯಾದರೆ ಕಿವಿ ಗುಂಯ್ಗುಡುತ್ತದೆ, ಅದಕ್ಕೆ ಸಿಂಕೋನಿಸಮ್ ಅಂತ ಹೆಸರು. ಅಜ್ಜಿಯ ಹೆಸರೇ ಚೆನ್ನಾಗಿತ್ತು.

ಈಗ ಆ ಹುಡುಗನ ತಿದ್ದುಪಡಿಗೆ ಬರೋಣ. ಈ ಮಾತು ಇಂಗ್ಲಿಷಿನದೇ ಅಲ್ಲ. ಪೆರುವಿನ ಬೆಟ್ಟದ ಜನರ ಭಾಷೆ ಕೆಚುವಾ. ಅದರಲ್ಲಿ 'ಕಿನಾ' ಅಂದರೆ ತೊಗಟೆ, ಅಷ್ಟೇ. 'ಕಿನಾ ಕಿನಾ' ಅಂದರೆ ತೊಗಟೆಗಳಲ್ಲೆಲ್ಲ ತೊಗಟೆ. ನಾವು 'ಬಿಸಿಬಿಸಿ' ಅಂತೀವಲ್ಲ, ಹಾಗೆ. 1820ರಲ್ಲಿ ಪ್ಯಾರಿಸ್ಸಿನ ಪೆಲ್ಟಿಯೇ ಮತ್ತು ಕವೆಂಟು ಎಂಬ ಇಬ್ಬರು ತೊಗಟೆಯಿಂದ ಕಹಿಯ ಸಾರ ಬೇರ್ಪಡಿಸಿದರು. ಅವರೂ ಔಷಧಿ ಕುಟ್ಟುವವರೇ, ನಮ್ಮ ಜಾತಿಯವರು. ಹಳೇ ಕಿನಾಕ್ಕೆ ಒಂದು ಬಾಲ ಅಂಟಿಸಿ 'ಕಿನೀನ್' ಅಂದರು. ಫ್ರೆಂಚರು ಇವತ್ತಿಗೂ ಹಾಗೇ ಅನ್ನೋದು. ಇಟಲಿಯವರು 'ಕಿನಿನೊ', ಸ್ಪೇನಿನವರು 'ಕಿನಿನಾ'. 'ಕ್ವ' ಸೇರಿಸಿದ್ದು ಇಂಗ್ಲಿಷರು. ಅವರಲ್ಲೂ ಒಮ್ಮತ ಇಲ್ಲ. ಲಂಡನ್ನಿನಲ್ಲಿ 'ಕ್ವಿನೀನ್', ಅಮೆರಿಕದಲ್ಲಿ 'ಕ್ವೈನೈನ್'. ಹಿಂದಿಯವರು ಕುನೈನ್, ಮರಾಠಿಯವರು ಕೊಯನೆಲ್, ತಮಿಳರು ಕೊಯ್ನಾ. ಇವರಲ್ಲಿ ಯಾರನ್ನು ತಿದ್ದುತ್ತೀರಿ? ಕೊನೆಯಲ್ಲಿ 'ನ' ಉಳಿಸಿಕೊಂಡ ನನ್ನ ಅಜ್ಜಿ ಪೆರುವಿಗೆ ಆ ಡಾಕ್ಟರಿಗಿಂತ ಹತ್ತಿರ ಇದ್ದಳು. ಇದನ್ನು ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ: ಅಜ್ಜಿ ಹತ್ತಿರ ಇದ್ದಳು.

ಇನ್ನು ಓದಿದವರ ತಪ್ಪು ಕೇಳಿ. ಪೆರುವಿನಲ್ಲಿ ಸ್ಪೇನಿನ ವೈಸರಾಯ್ ಇದ್ದ. ಅವನ ಹೆಂಡತಿ ಚಿಂಚೋನ್ ಕೌಂಟೆಸ್ಸಿಗೆ ಜ್ವರ ಬಂದು, ಈ ತೊಗಟೆ ಕುಡಿದು ವಾಸಿಯಾಯಿತು ಅಂತ ಕತೆ. ಗಿಡಮರಗಳಿಗೆ ಶಾಸ್ತ್ರೀಯ ಹೆಸರಿಡುತ್ತಿದ್ದ ಸ್ವೀಡನ್ನಿನ ಲಿನೇಯಸ್ ಅದನ್ನು ನಂಬಿ 1742ರಲ್ಲಿ ಮರಕ್ಕೆ ಅವಳ ಹೆಸರಿಟ್ಟ. ಇಡುವಾಗ ಮೊದಲ 'ಚ' ತಪ್ಪಿ ಸಿಂಕೋನ ಆಯಿತು. ಆಮೇಲೆ ಆ ಕಾಲದ ದಿನಚರಿ ತೆಗೆದು ನೋಡಿದರೆ, ಕೌಂಟೆಸ್ಸಿಗೆ ಅಂಥ ಜ್ವರ ಬಂದ ಸುದ್ದಿಯೇ ಇಲ್ಲ! ಬರದ ಜ್ವರಕ್ಕೆ ತಪ್ಪು ಕಾಗುಣಿತ. ಕ್ಲೆಮೆಂಟ್ಸ್ ಮಾರ್ಕಂ ಅಂತ ಒಬ್ಬ, 1860ರ ಸುಮಾರಿಗೆ ಸಿಂಕೋನವನ್ನು ದಕ್ಷಿಣ ಅಮೆರಿಕದಿಂದ ನೀಲಗಿರಿಗೆ ತರಿಸಿದವನು, 'ಚಿಂಚೋನ ಅಂತಲೇ ಬರೆಯಿರಿ' ಅಂತ ಹಟ ಹಿಡಿದ. ಯಾರೂ ಕೇಳಲಿಲ್ಲ. ಸಿಂಕೋನ ಗಿಡಗಳು ಮಾತ್ರ ದೊಡ್ಡಬೆಟ್ಟದಲ್ಲಿ ಬೇರು ಬಿಟ್ಟವು. ಆ ಬೆಟ್ಟದ ಹೆಸರಿಗೆ ಅರ್ಥ ನಾನು ಹೇಳಬೇಕಿಲ್ಲ.

ಲಿನೇಯಸ್ ತಪ್ಪಿದರೆ ಅದು ಶಾಸ್ತ್ರ. ಅಜ್ಜಿ ತಪ್ಪಿದರೆ ನಗು. ಅಜ್ಜಿ ತಪ್ಪಿರಲೂ ಇಲ್ಲ, ಆಗಲೇ ಹೇಳಿದೆನಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತೆ. ಬಂಗಾಳದಲ್ಲಿ ಅಂಚೆ ಕಚೇರಿಯಲ್ಲಿ ಕ್ವಿನೈನ್ ಪೊಟ್ಟಣ ಮಾರುತ್ತಿದ್ದ ಕತೆ ಬಿಡುತ್ತೇನೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ತೋರಿಸಿದ ರೊನಾಲ್ಡ್ ರಾಸ್ ನಿಮಗೆ ಗೊತ್ತು. ಮಲೇರಿಯಾದ ಇನ್ನೊಂದು ಮಾತ್ರೆ ಕ್ಲೋರೋಕ್ವಿನ್ ಮಾತ್ರ ಬಿಡೋಕಾಗಲ್ಲ. 1842ರಲ್ಲಿ ಕ್ವಿನೈನನ್ನು ಕ್ಷಾರದ ಜೊತೆ ಕಾಯಿಸಿದಾಗ ಒಂದು ಎಣ್ಣೆ ಬಂತು. ಅದಕ್ಕೆ ಕ್ವಿನೋಲಿನ್ ಅಂದರು. ಕ್ಲೋರೋಕ್ವಿನ್, ಪ್ರೈಮಾಕ್ವಿನ್, 2020ರಲ್ಲಿ ಜನ ಅಂಗಡಿಗೆ ಮುಗಿಬಿದ್ದು ಕೇಳಿದ ಹೈಡ್ರಾಕ್ಸಿ ಕ್ಲೋರೋಕ್ವಿನ್, ಎಲ್ಲದರ ಬಾಲದಲ್ಲೂ ಆ ಹಳೇ ತೊಗಟೆಯೇ. ಹಾಗಂತ ಇವು ತೊಗಟೆಯಿಂದ ಬಂದವಲ್ಲ, ಕಾರ್ಖಾನೆಯವು. ಹೆಸರು ಒಂದೇ ಥರ ಇದೆ ಅಂತ ಒಂದರ ಬದಲು ಇನ್ನೊಂದು ನುಂಗಬೇಡಿ. ನನ್ನ ಅಂಗಡಿಗೆ ಬಂದು 'ಅದೇ, ಕ್ವಿನ್ ಅಂತ ಬರುತ್ತಲ್ಲ, ಅದು ಕೊಡಿ' ಅಂದವರು ಎಷ್ಟು ಜನ!

ಪ್ರೈಮಾಕ್ವಿನ್ ಅಂತೂ ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾಕ್ಕೆ 14 ದಿನ ಅಂತ ಬರೆದುಕೊಡುತ್ತಾರೆ. ರೋಗ ಲಿವರಿನಲ್ಲಿ ಅಡಗಿ ಕೂತಿರುತ್ತದೆ, ಅದಕ್ಕೆ. ಮೂರನೇ ದಿನ ಜ್ವರ ಬಿಟ್ಟಿತು ಅಂತ ಉಳಿದದ್ದನ್ನು ಕಪಾಟಿಗೆ ಹಾಕ್ತೀರಿ, ನನಗೆ ಗೊತ್ತು. ಬಸುರಿಯರಿಗೆ ಅದನ್ನು ಕೊಡೋದಲ್ಲ, ಅದೂ ನೆನಪಿರಲಿ.

ಎರಡನೇ ಚೀಟಿ ಬಂತು. 'ಚಹಾ ಆರುತ್ತಿದೆ' ಅಂತ ಬರೆದಿದ್ದಾರೆ. ಸಕ್ಕರೆ ಜಾಸ್ತಿ ಹಾಕಿಸಿ ಸ್ವಾಮಿ, ಇಷ್ಟು ಹೊತ್ತು ಕೊಯ್ನ ಕೊಯ್ನ ಅಂದು ಬಾಯೆಲ್ಲ ಕಹಿ ಆಗಿದೆ.