ಬ್ಯಾಟರಿ ಬಿಚ್ಚಿ, ಹತ್ತು ನಿಮಿಷ ಕಾಯಿರಿ

ಕೇಳುಗರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಈ ಕೆಲಸಕ್ಕೆ ಕೈ ಹಚ್ಚಿ ಮೂವತ್ತು ವರ್ಷವಾಯಿತು. ಈ ಹೊತ್ತಿನಲ್ಲಿ ಯಾರು ಕೇಳುತ್ತಿರುತ್ತೀರಿ ಅಂತ ನನಗೆ ಗೊತ್ತು. ಗ್ಯಾರೇಜಿನಲ್ಲಿ ರೇಡಿಯೋ ಹಚ್ಚಿಟ್ಟು ಕೆಲಸ ಮಾಡುವ ಹುಡುಗರು. ಚೆನ್ನಮ್ಮ ಸರ್ಕಲ್ಲಿನ ಹತ್ತಿರ ಬಾಡಿಗೆ ಕಾಯುತ್ತಾ ಗಾಡಿಯಲ್ಲೇ ಕೂತಿರುವ ಡ್ರೈವರುಗಳು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ, ರವಿವಾರ ಮನೆ ಮುಂದೆ ತಾವೇ ಕಾರು ಬಿಚ್ಚಲು ಕೂರುವವರೂ ಇದ್ದೀರಿ. ಇವತ್ತಿನ ಮಾತು ಜಾಸ್ತಿ ನಿಮಗೇ.

ವಿಷಯ ಸ್ಟೇರಿಂಗಿನದು. ಅದರ ನಡುವೆ ಹಾರ್ನ್ ಒತ್ತುವ ಜಾಗ ಇದೆಯಲ್ಲ, ಆ ಪ್ಯಾಡನ್ನು ಬಿಚ್ಚುವುದು ಹೇಗೆ ಅಂತ ಹೇಳಬೇಕು. ಹೇಗೆ ಅನ್ನುವುದಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಬ್ಯಾಟರಿ ಬಿಚ್ಚಿ. ಹತ್ತು ನಿಮಿಷ ಕಾಯಿರಿ. ಆಮೇಲೆ ಸ್ಟೇರಿಂಗಿಗೆ ಕೈ ಹಾಕಿ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಯಾಕೆ ಅಂತ ಕೇಳಿ. ಅಂಬಾಸಿಡರ್, ಮಾರುತಿ 800 ಓಡಾಡುತ್ತಿದ್ದ ಕಾಲದಲ್ಲಿ ಹಾರ್ನ್ ಬಟನ್ ಅಂದರೆ ಒಂದು ಸ್ಪ್ರಿಂಗು, ಒಂದು ತಗಡಿನ ಚೂರು, ಒಂದು ವೈರು. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರೆ ಕೈಗೇ ಬರುತ್ತಿತ್ತು. ಬ್ಯಾಟರಿ ಬಿಚ್ಚುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ನಮ್ಮ ಕೈಗೆ ಕೂತದ್ದು ಆ ರೂಢಿ. ಆದರೆ ಗಾಡಿ ಬದಲಾಯಿತು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಮಾರುವ ಪ್ರತಿ ಹೊಸ ಕಾರಿನಲ್ಲೂ ಡ್ರೈವರಿಗೆ ಏರ್‌ಬ್ಯಾಗ್ ಇರಲೇಬೇಕು ಅಂತ ಕಾನೂನು ಬಂತು. 2022 ಶುರುವಾಗುವ ಹೊತ್ತಿಗೆ ಪಕ್ಕದ ಸೀಟಿಗೂ ಬಂತು. ಈಗ ಎಷ್ಟೇ ಸಣ್ಣ ಕಾರಾಗಲಿ, ಹಾರ್ನ್ ಒತ್ತುವ ಆ ಪ್ಯಾಡಿನ ಹೊಟ್ಟೆಯಲ್ಲೇ ಏರ್‌ಬ್ಯಾಗ್ ಕೂತಿದೆ. ಎಷ್ಟೋ ಗಾಡಿಗಳಲ್ಲಿ ಆ ಇಡೀ ಪ್ಯಾಡೇ ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ನೀವು ಒತ್ತಿದಾಗ ಪ್ಯಾಡು ಒಳಗೆ ಹೋಗುತ್ತದೆ, ಅಡಿಯಲ್ಲಿರುವ ಕಾಂಟ್ಯಾಕ್ಟ್ ಕೂಡುತ್ತದೆ, ಹಾರ್ನ್ ಬಡಿಯುತ್ತದೆ. ಹಾರ್ನ್ ಬಟನ್ ಬಿಚ್ಚುತ್ತೇನೆ ಅಂದವನು ಏರ್‌ಬ್ಯಾಗನ್ನೂ ಬಿಚ್ಚಲೇಬೇಕು. ಬೇರೆ ದಾರಿ ಇಲ್ಲ.

ಏರ್‌ಬ್ಯಾಗ್ ಅಂದರೆ ಗಾಳಿ ತುಂಬಿಟ್ಟ ಚೀಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಚೀಲ ಖಾಲಿ, ಮಡಚಿ ಇಟ್ಟಿರುತ್ತಾರೆ. ಅದರ ಹಿಂದೆ ಒಂದು ಉಕ್ಕಿನ ಡಬ್ಬಿ. ಡಬ್ಬಿಯೊಳಗೆ ಧಗ್ಗನೆ ಉರಿದು ಗ್ಯಾಸ್ ಆಗುವ ಮದ್ದು. ಆ ಮದ್ದಿಗೆ ಕಿಡಿ ಹಚ್ಚಲು ಒಂದು ಸಣ್ಣ ತಂತಿ. ಗಾಡಿ ಗುದ್ದಿದ ಕೂಡಲೇ ಗೇರ್ ಲಿವರಿನ ಆಸುಪಾಸಿನಲ್ಲಿರುವ ಕಂಪ್ಯೂಟರ್ ಡಬ್ಬಿ ಆ ತಂತಿಗೆ ಕರೆಂಟ್ ಕಳಿಸುತ್ತದೆ. ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಹೆಚ್ಚುಕಡಿಮೆ ಮೂರು ಪಾಲಿನಲ್ಲಿ ಚೀಲ ಪೂರ್ತಿ ಉಬ್ಬಿ ನಿಲ್ಲುತ್ತದೆ. ನೀವು ರೆಪ್ಪೆ ಮುಚ್ಚಿ ತೆಗೆಯುವುದಕ್ಕೂ ಇದರ ಮೂರು ಪಟ್ಟಾದರೂ ಹೊತ್ತು ಬೇಕು. ಅಷ್ಟು ಬೇಗ ಉಬ್ಬುವುದಕ್ಕೇ ಅದು ಜೀವ ಉಳಿಸುತ್ತದೆ. ಅಷ್ಟು ಬೇಗ ಉಬ್ಬುವುದಕ್ಕೇ, ಮುಖ ಅಡ್ಡ ಇಟ್ಟು ಕೆಲಸ ಮಾಡುವವನಿಗೆ ಅದು ಅಪಾಯ.

ಸರಿ, ಬ್ಯಾಟರಿ ಬಿಚ್ಚಿದ ಮೇಲೆ ಕಾಯುವುದು ಯಾಕೆ? ಅಪಘಾತದಲ್ಲಿ ಮೊದಲು ಜಜ್ಜಿ ಹೋಗುವುದು ಗಾಡಿಯ ಮುಂಭಾಗ. ಬ್ಯಾಟರಿ ಇರುವುದೂ ಅಲ್ಲೇ. ಬ್ಯಾಟರಿ ಸತ್ತರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕಲ್ವಾ? ಅದಕ್ಕೆ ಆ ಕಂಪ್ಯೂಟರ್ ಡಬ್ಬಿಯೊಳಗೆ ಒಂದು ಕಂಡೆನ್ಸರ್ ಇಟ್ಟಿದ್ದಾರೆ. ಅದು ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತದೆ. ರೊಟ್ಟಿ ಬಡಿಯುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಆರಿಸಿದ ಕೂಡಲೇ ಹಂಚಿಗೆ ಬರಿಗೈ ಹಾಕುತ್ತೀರಾ? ಇಲ್ಲ. ಉರಿ ಇಲ್ಲ, ಆದರೆ ಕಾವು ಇದೆ. ಬ್ಯಾಟರಿ ಬಿಚ್ಚಿದ ಗಾಡಿಯೂ ಹಾಗೇ. ಒಂದು ಕಂಪನಿ ತೊಂಬತ್ತು ಸೆಕೆಂಡು ಅನ್ನುತ್ತದೆ, ಇನ್ನೊಂದು ಮೂರು ನಿಮಿಷ ಅನ್ನುತ್ತದೆ. ನಿಮಗೆ ಆ ಲೆಕ್ಕ ಬೇಡ. ಯಾವ ಗಾಡಿಯೇ ಆಗಲಿ, ಹತ್ತು ನಿಮಿಷ. ಹೋಗಿ ಚಹಾ ಕುಡಿದು ಬನ್ನಿ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹೇಗೆ ಕಲಿತೆ ಅಂತ ಹೇಳುತ್ತೇನೆ.

2008ರ ಮಳೆಗಾಲ. ಆಗ ಏರ್‌ಬ್ಯಾಗ್ ಇದ್ದ ಗಾಡಿಗಳೇ ನಮ್ಮ ಕಡೆ ಅಪರೂಪ. ಸಂಜೆ ಐದರ ಸುಮಾರಿಗೆ ಒಬ್ಬ ಟ್ಯಾಕ್ಸಿ ಡ್ರೈವರ್ ಬಂದ. "ಅಣ್ಣಾರ, ನಾಳೆ ನಸಿಕಿಲೆ ಗೋಕರ್ಣಕ್ಕ ಬಾಡಿಗಿ ಐತಿ. ಹಾರ್ನ್ ಬಡೀವಲ್ದು. ಅರಬೈಲ್ ಘಾಟದಾಗ ಹಾರ್ನ್ ಇಲ್ಲದ ಹೆಂಗ ಹೋಗೂದ್ರಿ? ಇವತ್ತ ಮಾಡಿಕೊಡ್ರಿ" ಅಂದ. ಅವನು ಹೇಳಿದ್ದು ನಿಜವೇ. ಆ ತಿರುವುಗಳಲ್ಲಿ, ಅದೂ ಮಳೆಗಾಲದಲ್ಲಿ, ಎದುರಿಗೆ ಅದಿರಿನ ಲಾರಿ ಬರುವಾಗ ಹಾರ್ನ್ ಇರಲೇಬೇಕು. ನಾನು ಗಡಿಬಿಡಿಯಲ್ಲಿ ಸ್ಟೇರಿಂಗ್ ಪ್ಯಾಡ್ ಬಿಚ್ಚಿದೆ. ಬ್ಯಾಟರಿ ಬಿಚ್ಚಿರಲಿಲ್ಲ. ನನಗೆ ಏನೂ ಆಗಲಿಲ್ಲ. ಆಗಬಹುದಿತ್ತು. ಪ್ಯಾಡಿನ ಮುಖಕ್ಕೆ ಗ್ರೀಸ್ ಹತ್ತಬಾರದು ಅಂತ ಅರಿವೆ ಹಾಸಿ, ಮುಖ ಕೆಳಗೆ ಮಾಡಿ ಬೆಂಚಿನ ಮೇಲೆ ಇಟ್ಟೆ. ರಸ್ತೆ ಆಚೆಗಿನ ಅಂಗಡಿಗೆ ಚಹಾ ಕುಡಿಯಲು ಹೋದೆ.

ಗ್ಯಾರೇಜಿನಲ್ಲಿ ಒಬ್ಬ ಹುಡುಗ ಇದ್ದ. ಕುಂದಗೋಳ ಕಡೆಯ ಹಳ್ಳಿಯವನು, ಹತ್ತೊಂಬತ್ತು ವರ್ಷ. ಬಹಳ ಚುರುಕು. ಹೇಳುವ ಮೊದಲೇ ಕೆಲಸ ಮಾಡಿಟ್ಟಿರುತ್ತಿದ್ದ. ಅವತ್ತೂ ಹಾಗೇ ಮಾಡಲು ಹೋದ. ನಾನು ಬರುವಷ್ಟರಲ್ಲಿ ಹಾರ್ನಿನ ವೈರು ಯಾವುದು ಅಂತ ಹುಡುಕಿಡೋಣ ಅಂದುಕೊಂಡ. ಪ್ಯಾಡಿನ ಹಿಂದೆ ಹಳದಿ ಬಣ್ಣದ ಕಪ್ಲರ್, ಅಂದರೆ ವೈರು ಜೋಡಿಸುವ ಪ್ಲಗ್ಗು, ಕೂರುವ ಜಾಗದಲ್ಲಿ ಎರಡು ಪಿನ್ ಕಂಡವು. ಎರಡು ಪಿನ್ ಅಂದರೆ ಹಾರ್ನಿನದೇ ಇರಬೇಕು ಅಂದುಕೊಂಡ. ಬೆಂಚಿನ ಮೇಲೆ ಇನ್ನೊಂದು ಬ್ಯಾಟರಿ ಇತ್ತು. ಟೆಸ್ಟ್ ಲ್ಯಾಂಪಿನ ವೈರು ಹಿಡಿದು ಮುಟ್ಟಿಸಿದ.

ನನಗೆ ಕೇಳಿದ್ದು ಲಾರಿ ಟೈರ್ ಒಡೆದ ಸದ್ದು. ರಸ್ತೆ ಕಡೆ ನೋಡಿದೆ, ಯಾವ ಲಾರಿಯೂ ನಿಂತಿರಲಿಲ್ಲ. ಗ್ಯಾರೇಜಿನ ಬಾಗಿಲಿನಿಂದ ಬಿಳಿ ಧೂಳು ಹೊರಗೆ ಬರುತ್ತಿತ್ತು. ಚಹಾದ ಗ್ಲಾಸ್ ಬಿಟ್ಟು ಓಡಿದೆ. ಪ್ಯಾಡು ಬೆಂಚಿನ ಮೇಲೆ ಇರಲಿಲ್ಲ. ಚೀಲ ಉಬ್ಬಿ ಬೆಂಚನ್ನು ಒದ್ದಿತ್ತು. ಆ ಒದೆತಕ್ಕೆ ಉಕ್ಕಿನ ಡಬ್ಬಿ ಸಮೇತ ಪ್ಯಾಡು ಮೇಲೆ ಹಾರಿ, ಮಾಡಿನ ತಗಡಿಗೆ ಬಡಿದು, ಗೋಡೆಯ ಮೂಲೆಯಲ್ಲಿ ಬಿದ್ದಿತ್ತು. ಹುಡುಗ ನೆಲದ ಮೇಲೆ ಕೂತಿದ್ದ. ಒಂದು ಕೈ ಕಿವಿಯ ಮೇಲೆ. ಇನ್ನೊಂದು ಕೈಯ ಬೆರಳುಗಳು ಸುಟ್ಟಿದ್ದವು. "ಕಾಕಾ, ನನಗ ಏನೂ ಕೇಳವಲ್ದು" ಅಂತ ದೊಡ್ಡ ದನಿಯಲ್ಲಿ ಮತ್ತೆ ಮತ್ತೆ ಅನ್ನುತ್ತಿದ್ದ. ಅವನು ಬೆಂಚಿನ ಮೇಲೆ ಇನ್ನು ಒಂದು ಗೇಣು ಬಗ್ಗಿದ್ದರೆ ಆ ಡಬ್ಬಿ ತಗಡಿಗೆ ಬಡಿಯುತ್ತಿರಲಿಲ್ಲ, ಅವನ ಗದ್ದಕ್ಕೆ ಬಡಿಯುತ್ತಿತ್ತು.

ದವಾಖಾನೆಗೆ ಕರೆದುಕೊಂಡು ಹೋದೆವು. ಮರುದಿನ ಮೊದಲ ಬಸ್ಸಿಗೆ ಅವನ ತಾಯಿ ಬಂದರು. ಕೈಯಲ್ಲಿ ರೊಟ್ಟಿಯ ಗಂಟು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಹಾರ್ನ್ ಅಂದ್ರ ಬರೇ ಪಾಂ ಪಾಂ ಅನ್ನೂದು ಅಲ್ಲೇನ್ರಿ ಅದು? ಅದರಾಗ ಸುಡೂದು ಏನಿತ್ತು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗನಿಗೆ ಹಾರ್ನ್ ಕೆಲಸ ಕಲಿಸಿದ್ದೆ, ಏರ್‌ಬ್ಯಾಗ್ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ತಪ್ಪು ನನ್ನದು. ಹದಿನೈದು ದಿನ ಅವನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಬೆರಳು ವಾಸಿಯಾಗಲು ಇನ್ನೂ ಜಾಸ್ತಿ ದಿನ ಹಿಡಿಯಿತು. ಈಗ ಅವನದೇ ಗ್ಯಾರೇಜಿದೆ, ಚೆನ್ನಾಗಿದ್ದಾನೆ. ಆಮೇಲೆ ನಾನು ಮಾಡಿಗೆ ಹೊಸ ತಗಡು ಹೊದಿಸಿದೆ. ಆ ನೆಗ್ಗಿದ ತಗಡನ್ನು ಮಾತ್ರ ತೆಗೆಯಲಿಲ್ಲ. ಹೊಸ ಹುಡುಗ ಯಾರೇ ಕೆಲಸಕ್ಕೆ ಬರಲಿ, ಮೊದಲ ದಿನ ಅದರ ಕೆಳಗೆ ನಿಲ್ಲಿಸಿ ಮೇಲೆ ನೋಡು ಅನ್ನುತ್ತೇನೆ.

ಇನ್ನೊಂದು ಮಾತು ಕೇಳಿ. ಆ ಗಾಡಿಯ ಹಾರ್ನ್ ಯಾಕೆ ಬಡಿಯುತ್ತಿರಲಿಲ್ಲ ಅಂತ ಎರಡು ದಿನ ಬಿಟ್ಟು ನೋಡಿದೆ. ಮುಂದಿನ ಬಂಪರಿನ ಹಿಂದೆ ಹಾರ್ನ್ ಕೂತಿರುತ್ತದಲ್ಲ, ಅದರ ಬಾಯಿಗೆ ಎರೆಮಣ್ಣು ತುಂಬಿ ಗಟ್ಟಿಯಾಗಿತ್ತು. ಟರ್ಮಿನಲ್ ತುಕ್ಕು ಹಿಡಿದಿತ್ತು. ಉಸುಕಿನ ಕಾಗದದಿಂದ ತಿಕ್ಕಿದೆ, ಹಾರ್ನ್ ಬಡಿಯಿತು. ಸ್ಟೇರಿಂಗ್ ಬಿಚ್ಚುವ ಕೆಲಸವೇ ಇರಲಿಲ್ಲ.

ಅದಕ್ಕೆ ಹೇಳುವುದು, ಹಾರ್ನ್ ನಿಂತಿತು ಅಂದ ಕೂಡಲೇ ಸ್ಟೇರಿಂಗಿಗೆ ಕೈ ಹಾಕಬೇಡಿ. ಮೊದಲು ಫ್ಯೂಸ್ ನೋಡಿ. ಆಮೇಲೆ ರಿಲೇ ನೋಡಿ, ಅಂದರೆ ಹಾರ್ನಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್ ಡಬ್ಬಿ. ಹಾರ್ನ್ ಒತ್ತಿದಾಗ ರಿಲೇ ಟಕ್ ಅಂದರೆ ಸ್ಟೇರಿಂಗ್ ಕಡೆ ಎಲ್ಲ ಸರಿ ಇದೆ ಅಂತ ಅರ್ಥ. ಆಮೇಲೆ ಬಂಪರ್ ಹಿಂದಿನ ಹಾರ್ನಿಗೆ ನೇರ ಬ್ಯಾಟರಿಯಿಂದ ಕರೆಂಟ್ ಕೊಟ್ಟು ನೋಡಿ. ನಮ್ಮ ಎರೆಭೂಮಿಯ ರಸ್ತೆಗಳಲ್ಲಿ ಓಡಾಡುವ ಗಾಡಿಗೆ ತೊಂದರೆ ಜಾಸ್ತಿ ಸಿಗುವುದು ಅಲ್ಲೇ. ಹಾರ್ನೂ ನಿಂತಿದೆ, ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪವೂ ಹತ್ತಿದೆ ಅಂದರೆ ಮಾತು ಬೇರೆ. ಆಗ ಹೆಚ್ಚಾಗಿ ಸ್ಟೇರಿಂಗ್ ಕೆಳಗಿನ ಕ್ಲಾಕ್ ಸ್ಪ್ರಿಂಗ್ ಹೋಗಿರುತ್ತದೆ. ಅದು ಕ್ಯಾಸೆಟ್ಟಿನ ಟೇಪಿನಂತೆ ಸುತ್ತಿಟ್ಟ ತೆಳು ವೈರಿನ ಪಟ್ಟಿ. ಸ್ಟೇರಿಂಗ್ ತಿರುಗಿದಾಗ ಅದು ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಹಾರ್ನಿನ ಕರೆಂಟು, ಏರ್‌ಬ್ಯಾಗಿನ ಕರೆಂಟು ಎರಡೂ ಅದರಲ್ಲೇ ಹೋಗುತ್ತವೆ. ಆಗ ಪ್ಯಾಡ್ ಬಿಚ್ಚಲೇಬೇಕು.

ನನಗೆ ಕೊಟ್ಟ ಹೊತ್ತು ಬಹಳಷ್ಟು ಆ ಹುಡುಗನ ಕಥೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮುಂದಿನ ಗಾಲಿ ನೇರ ಇಡಿ. ಕೀಲಿ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಅರಿವೆ ಸುತ್ತಿ ದೂರ ಸರಿಸಿ. ಹತ್ತು ನಿಮಿಷ ಕಾಯಿರಿ. ಕೆಲವು ಗಾಡಿಗಳಲ್ಲಿ ಸ್ಟೇರಿಂಗ್ ಹಿಂದೆ ಎರಡು ಬೋಲ್ಟ್ ಇರುತ್ತವೆ, ಹೆಚ್ಚಾಗಿ ನಕ್ಷತ್ರದ ತಲೆಯವು. ಕೆಲವದರಲ್ಲಿ ಬೋಲ್ಟ್ ಇಲ್ಲ, ತೂತು ಇರುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ಹಾಕಿ ಸ್ಪ್ರಿಂಗ್ ಒತ್ತಿದರೆ ಪ್ಯಾಡ್ ಸಡಿಲಾಗುತ್ತದೆ. ಪ್ಯಾಡನ್ನು ವೈರಿನ ಮೇಲೆ ಜೋತು ಬಿಡಬೇಡಿ, ಒಂದು ಕೈಯಲ್ಲಿ ಹಿಡಿಯಿರಿ. ಹಳದಿ ಕಪ್ಲರಿಗೆ ಒಂದು ಸಣ್ಣ ಲಾಕ್ ಇರುತ್ತದೆ. ಮೊದಲು ಲಾಕ್ ಎತ್ತಿ, ಆಮೇಲೆ ಕಪ್ಲರ್ ಎಳೆಯಿರಿ. ಹಾರ್ನಿನ ವೈರು ಬೇರೆ, ಅದನ್ನೂ ತೆಗೆಯಿರಿ. ಗಾಡಿಯಲ್ಲಿ ಹಳದಿ ಕಪ್ಲರ್, ಹಳದಿ ಟೇಪ್ ಸುತ್ತಿದ ವೈರು ಎಲ್ಲೇ ಕಂಡರೂ ಅದು ಏರ್‌ಬ್ಯಾಗಿನದು ಅಂತ ತಿಳಿಯಿರಿ. ಅದಕ್ಕೆ ಟೆಸ್ಟ್ ಲ್ಯಾಂಪ್ ಬೇಡ, ಮಲ್ಟಿಮೀಟರ್ ಬೇಡ, ಏನೂ ಬೇಡ.

ಬಿಚ್ಚಿದ ಪ್ಯಾಡನ್ನು ಒಯ್ಯುವಾಗ ಅದರ ಮುಖ ನಿಮ್ಮ ಎದೆ ಕಡೆ ಇರಬಾರದು. ಇಡುವಾಗ ಮುಖ ಮೇಲೆ. ಯಾವಾಗಲೂ ಮೇಲೆ. ಮುಖ ಮೇಲಿದ್ದರೆ ಚೀಲ ಬರಿ ಗಾಳಿಗೆ ಉಬ್ಬುತ್ತದೆ. ಮುಖ ಕೆಳಗಿದ್ದರೆ ಏನಾಗುತ್ತದೆ ಅಂತ ನಮ್ಮ ತಗಡು ಹೇಳುತ್ತದೆ. ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಅಲ್ಲಿ ಇಡಬೇಡಿ. ಪ್ಯಾಡ್ ಇಲ್ಲದಾಗ ಕೀಲಿ ತಿರುಗಿಸಿ ನೋಡಬೇಡಿ. ಕಂಪ್ಯೂಟರಿನಲ್ಲಿ ತಪ್ಪು ದಾಖಲಾಗಿ ಕೆಂಪು ದೀಪ ಹತ್ತಿಕೊಂಡೇ ಇರುತ್ತದೆ. ಆ ದೀಪ ಆರಿಸಲು ಏರ್‌ಬ್ಯಾಗಿನ ಬದಲು ರೆಸಿಸ್ಟರ್, ಅಂದರೆ ಏರ್‌ಬ್ಯಾಗ್ ಇದೆ ಅಂತ ಕಂಪ್ಯೂಟರನ್ನು ನಂಬಿಸುವ ಒಂದು ಸಣ್ಣ ಬಿಡಿಭಾಗ, ಹಾಕಿ ಕೊಡಿ ಅಂತ ಕೆಲವರು ನನ್ನ ಹತ್ತಿರ ಬರುತ್ತಾರೆ. ನಾನು ಹಾಕುವುದಿಲ್ಲ. ದೀಪ ಆರಿರುತ್ತದೆ, ಗುದ್ದಿದಾಗ ಚೀಲ ಬರುವುದಿಲ್ಲ. ನಿಮ್ಮ ಮನೆಯವರು ಕೂರುವ ಗಾಡಿಗೆ ಹೀಗೆ ಮಾಡಿಸುತ್ತೀರಾ? ಗುಜರಿಯಿಂದ ಹಳೆ ಏರ್‌ಬ್ಯಾಗ್ ತಂದು ಹಾಕಿ ಅಂದರೂ ನಾನು ಹಾಕುವುದಿಲ್ಲ.

ಡ್ರೈವರುಗಳಿಗೆ ಎರಡೇ ಮಾತು. ಖಂಡೆ ಪೂಜೆ ದಿನ ಸ್ಟೇರಿಂಗಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಬೇಡ ಅನ್ನುವುದಿಲ್ಲ. ಆದರೆ ಹಿತ್ತಾಳೆಯ ಚಿಹ್ನೆ, ಕಲ್ಲಿನ ಮೂರ್ತಿ ಅಂತ ಪ್ಯಾಡಿನ ಮೇಲೆ ಅಂಟಿಸಬೇಡಿ. ಚೀಲ ಬಂದರೆ ಅವು ಗುಂಡಿನಂತೆ ಮುಖಕ್ಕೆ ಬರುತ್ತವೆ. ಸ್ಟೇರಿಂಗಿಗೂ ನಿಮ್ಮ ಎದೆಗೂ ನಡುವೆ ಒಂದು ಗೇಣಿಗಿಂತ ಜಾಸ್ತಿ, 25 ಸೆಂಟಿಮೀಟರ್ ಆದರೂ ಜಾಗ ಇರಲಿ. ಬೆಲ್ಟ್ ಹಾಕಿ. ಬೆಲ್ಟ್ ಹಾಕಿದವನಿಗೇ ಅಂತ ಆ ಚೀಲ ಮಾಡಿದ್ದಾರೆ.

ವಾಪಸ್ ಜೋಡಿಸುವಾಗ ಕಪ್ಲರ್ ಟಕ್ ಅನ್ನುವವರೆಗೆ ಒತ್ತಿ, ಲಾಕ್ ಹಾಕಿ. ಪ್ಯಾಡ್ ಕೂಡಿಸಿ. ಬ್ಯಾಟರಿ ಎಲ್ಲಕ್ಕಿಂತ ಕೊನೆಗೆ. ಮೊದಲ ಸಲ ಕೀಲಿ ತಿರುಗಿಸುವಾಗ ಸ್ಟೇರಿಂಗಿನ ಎದುರು ತಲೆ ಇರಬಾರದು, ಬದಿಗೆ ನಿಂತು ಕೈ ಚಾಚಿ ತಿರುಗಿಸಿ. ಏರ್‌ಬ್ಯಾಗಿನ ಕೆಂಪು ದೀಪ ಹತ್ತುತ್ತದೆ. ಐದಾರು ಸೆಕೆಂಡಿಗೆ ತಾನೇ ಆರುತ್ತದೆ. ಆರಿತು ಅಂತ ಕಣ್ಣಾರೆ ನೋಡಿ, ಆಮೇಲೆ ಹಾರ್ನ್ ಒತ್ತಿ.

ನಮಸ್ಕಾರ.