ನೀರು ಉಳಿಸಿದವನೇ ಸೋಲುವ ಲೆಕ್ಕ

ನಮಸ್ಕಾರ. ಯಲಬುರ್ಗಾ, ಕುಷ್ಟಗಿ ಕಡೆ ಹೊಲಕ್ಕೆ ಬೋರ್‌ವೆಲ್ ಲಾರಿ ಬಂತೆಂದರೆ ಮನೆಮಂದಿಯೆಲ್ಲ ಸುತ್ತ ನಿಂತುಬಿಡುತ್ತಾರೆ. ಧೂಳು ಏಳುತ್ತಲೇ ಇರುತ್ತದೆ, ಅಡಿಯ ಲೆಕ್ಕ ಏರುತ್ತಲೇ ಇರುತ್ತದೆ, ಯಾರೂ ಮಾತನಾಡುವುದಿಲ್ಲ. ಅದೇ ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಬನ್ನಿ. ಅಲ್ಲಿ ತುಂಗಭದ್ರಾ ನಾಲೆಯ ನೀರು ಹೆಚ್ಚಾಗಿ ಎರೆಭೂಮಿಗೆ ಉಪ್ಪೇರಿ ಸವಳು ಹಿಡಿದಿದೆ, ತಗ್ಗಿನ ಹೊಲಗಳು ನೀರು ನಿಂತು ಜವಳಾಗಿವೆ.

ಎರಡೂ ಕಡೆ ರೈತನಿಗೆ ಸಿಗುವ ಉಪದೇಶ ಒಂದೇ: ನೀರು ಉಳಿಸಿ. ಉಳಿಸಿದರೆ ಅವನಿಗೆ ಏನು ಸಿಗುತ್ತದೆ ಎಂದು ಯಾರಾದರೂ ಹೇಳಿದ್ದಾರೆಯೇ?

ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ತೆಳುವಾಗಿ ನೀರು ಹಂಚಿ, ಬರದ ಸೀಮೆಯ ಹೆಚ್ಚು ಹೊಲಗಳನ್ನು ಕಾಯಬೇಕೆಂಬ ಎಣಿಕೆ ಇತ್ತು. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಆದರೆ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತವೇ ಊರಿತು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಮೇಲಿನವರ ಗದ್ದೆ ತುಂಬಿ ಬಸಿಗಾಲುವೆಗೆ ಹರಿಯುವಾಗ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ಖಾಲಿ ತೂಬಿನ ಮುಂದೆ ಕೂತಿರುತ್ತಾರೆ.

ಹಾಗೆಂದು ಭತ್ತ ಬೆಳೆಯುವವನನ್ನು ಬೈಯಲು ನನಗೆ ಮನಸ್ಸಿಲ್ಲ. 2025-26ರಲ್ಲಿ ಕೇಂದ್ರದ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ, ಮಾಲದಂಡಿ ತಳಿಯ ಜೋಳಕ್ಕೆ 3,749. ಕಾಗದದಲ್ಲಿ ಜೋಳವೇ ಮೇಲು. ಆದರೆ ಭತ್ತದ ಇಳುವರಿ ಹೆಚ್ಚು. ಸೋನಾ ಮಸೂರಿಯ 75 ಕಿಲೋ ಚೀಲ ಕಟ್ಟುವಷ್ಟರಲ್ಲಿ ಕೊಳ್ಳುವವರು ಕಣಕ್ಕೇ ಬರುತ್ತಾರೆ, ಅಕ್ಕಿ ಗಿರಣಿ ಪಕ್ಕದಲ್ಲೇ ಇದೆ. ಜೋಳದವನು ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಎಷ್ಟು ಕ್ವಿಂಟಲ್ ತೆಗೆದುಕೊಳ್ಳುತ್ತದೆ ಎಂದು ಕಾಯುತ್ತಾ ರಾಶಿಗೆ ತಾಡಪತ್ರಿ ಹೊದಿಸಬೇಕು. ಸಾಲ ಹೊತ್ತವನು ಎಷ್ಟು ದಿನ ಕಾಯಬಲ್ಲ?

ಬೋರ್‌ವೆಲ್ ಸೀಮೆಯ ಸಂಕಟ ಇನ್ನೊಂದು ಬಗೆಯದು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇದೆ. ರೈತ ಹಾಳು ಮಾಡುತ್ತಾನೆ ಎಂದು ನಗರದವರು ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಪಂಪ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ನಡುರಾತ್ರಿ ಬರುತ್ತದೆ. ಹಾವು, ಕತ್ತಲು, ಕೆಸರು. ಆದ್ದರಿಂದ ಅವನು ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾನೆ. ಕರೆಂಟ್ ಬಂದಾಗ ಮೋಟಾರು ತಾನೇ ಶುರುವಾಗುತ್ತದೆ, ಹೊಲ ನೆನೆದ ಮೇಲೂ ಓಡುತ್ತಲೇ ಇರುತ್ತದೆ. ಹಗಲಿನಲ್ಲಿ ಇಂತಿಷ್ಟು ಗಂಟೆ ಎಂದು ಮಾತು ಕೊಟ್ಟು ವಿದ್ಯುತ್ ನೀಡಿ ನೋಡಿ, ಎಷ್ಟು ನೀರು ಉಳಿಯುತ್ತದೆಂದು. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ನಾನು ಹನಿ ನೀರಾವರಿ ಹಾಕಿ ಉಳಿಸಿದ್ದನ್ನು ಬದುವಿನಾಚೆಯವನು ನನಗಿಂತ ಇನ್ನೂರು ಅಡಿ ಹೆಚ್ಚು ಆಳಕ್ಕೆ ಕೊರೆದು ಎಳೆದುಕೊಳ್ಳುತ್ತಾನೆ. ಅಂತರ್ಜಲಕ್ಕೆ ಬದು ಎಲ್ಲಿದೆ? ಊರಿನವರು ಒಟ್ಟಿಗೆ ಕೂತು, ಈ ವರ್ಷ ಯಾವ ಬೆಳೆ, ಹೊಸ ಬೋರ್‌ವೆಲ್ ಎಷ್ಟು ಎಂದು ಗ್ರಾಮಸಭೆಯಲ್ಲಿ ತೀರ್ಮಾನಿಸದೆ ಬೇರೆ ದಾರಿ ನನಗಂತೂ ಕಾಣುವುದಿಲ್ಲ. ನಮ್ಮ ಜನಕ್ಕೆ ಒಟ್ಟಾಗುವುದು ಗೊತ್ತಿದೆ. 2019ರಲ್ಲಿ ಕೊಪ್ಪಳ ಗವಿಮಠದ ಸ್ವಾಮೀಜಿ ಮುಂದೆ ನಿಂತಾಗ ಹಿರೇಹಳ್ಳದ ಹೂಳು ತೆಗೆಯಲು ಊರೂರಿನಿಂದ ಜನ ಬಂದರು.

ನಾಲೆ ನೀರು ಉಣ್ಣುವ ಅಚ್ಚುಕಟ್ಟಿನವರಿಗೆ ಕೂರಿಗೆ ಭತ್ತದ, ಅಂದರೆ ಸಸಿ ನೆಡದೆ ಕೂರಿಗೆಯಿಂದ ಬೀಜವನ್ನೇ ನೇರ ಬಿತ್ತುವ ದಾರಿ ಇದೆ. ಕೆಸರುಗದ್ದೆ ಮಾಡಿ ನಾಟಿ ಹಚ್ಚುವ ನೀರು, ಕೂಲಿ ಎರಡೂ ಉಳಿಯುತ್ತವೆ. ಕಳೆ ಮಾತ್ರ ಕಾಡುತ್ತದೆ, ಅದನ್ನು ಮುಚ್ಚಿಡುವುದು ಬೇಡ.

ನನ್ನ ಬೇಡಿಕೆ ಇಷ್ಟು. ನೀರಾವರಿ ಸಲಹಾ ಸಮಿತಿ ನಾಲೆಗೆ ನೀರು ಬಿಡುವ ದಿನ ಪ್ರಕಟಿಸುವಾಗಲೇ ಜೋಳ, ಕಡಲೆಯ ಖರೀದಿ ಕೇಂದ್ರ ತೆರೆಯುವ ದಿನವನ್ನೂ ಪ್ರಕಟಿಸಬೇಕು. ಬಿತ್ತುವ ಮೊದಲೇ ರೈತನಿಗೆ ಅದು ಗೊತ್ತಿರಬೇಕು.

ಕೊನೆಭಾಗದಲ್ಲಿ ಇದನ್ನು ಕೇಳುತ್ತಿರುವವರು ನಿಮ್ಮ ತೂಬಿಗೆ ಕಳೆದ ಸಲ ನೀರು ಮುಟ್ಟಿದ ದಿನವನ್ನು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಒಂದೊಂದನ್ನೂ ಓದುತ್ತೇನೆ.