ಚೆಟ್ರಿಯನ್ನು ಬಿಟ್ಟು ಮಾತನಾಡೋಣ

ಕೇಳುಗರಿಗೆ ನಮಸ್ಕಾರ.

ಹಾಸನದಲ್ಲಿಯೂ ಫುಟ್‌ಬಾಲ್ ಅಭಿಮಾನಿಗಳು ಇದ್ದಾರೆಯೇ ಎಂದು ಅಚ್ಚರಿಪಡುವವರು ಸಂಜೆ ಒಮ್ಮೆ ಮಹಾರಾಜ ಪಾರ್ಕಿನ ಕಡೆಗೆ ಬಂದು ಹೋಗಬೇಕು. ಕ್ರಿಕೆಟ್ಟಿನ ಮಾತು ಮುಗಿದ ಮೇಲೆ, ಅಥವಾ ಮುಗಿಯುವುದಕ್ಕೆ ಮೊದಲೇ, ಬೆಂಗಳೂರು ಎಫ್‌ಸಿ ತಂಡದ ಮಾತು ಅಲ್ಲಿ ಬಂದೇ ಬರುತ್ತದೆ. ಈ ಅಭಿಮಾನಿಗಳಲ್ಲಿ ಕೆಲವರು ಕುಣಿಗಲ್ ಮಾರ್ಗದ ರೈಲು ಹಿಡಿದು ಯಶವಂತಪುರದಲ್ಲಿ ಇಳಿದು, ಕಂಠೀರವ ಕ್ರೀಡಾಂಗಣದಲ್ಲಿ ಏಳೂವರೆಗೆ ಆರಂಭವಾಗುವ ಪಂದ್ಯವನ್ನು ನೋಡಿ, ರಾತ್ರಿಯ ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟಿ ಬೆಳಗಿನ ಜಾವಕ್ಕೆ ಮನೆ ಸೇರುವವರು. ಹೆಚ್ಚಿನವರು ಟಿವಿಯಲ್ಲಿಯೇ ನೋಡುವವರು. ಅವರೆಲ್ಲರ ನಡುವೆ ವರ್ಷವಿಡೀ ಮುಗಿಯದೆ ಉಳಿದಿರುವ ವಾದ ಒಂದೇ: ಕಳೆದ ಋತುಗಳಲ್ಲಿ ನಮ್ಮ ತಂಡಕ್ಕೆ ಆಡಿದವರಲ್ಲಿ ಅತ್ಯುತ್ತಮ ಆಟಗಾರ ಯಾರು?

ಈ ವಾದದ ನಡುವೆ ಹಿರಿಯರೊಬ್ಬರು ಬಾಯಿ ಹಾಕಿದರೆ ಇಡೀ ಚರ್ಚೆ ಬೇರೆ ದಾರಿ ಹಿಡಿಯುತ್ತದೆ. ನಿಮ್ಮ ತಂಡ ಹುಟ್ಟಿದ್ದೇ 2013ರಲ್ಲಿ, 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳಲ್ಲಿ ಭಾರತ ತಂಡದಲ್ಲಿದ್ದ ಕೆಂಪಯ್ಯನವರ ಹೆಸರನ್ನಾದರೂ ನೀವು ಕೇಳಿದ್ದೀರಾ ಎಂದು ಅವರು ಗದರುತ್ತಾರೆ. ಮೈಸೂರು ತಂಡ 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದ ಮೇಲೆ ಅದೇ ಟ್ರೋಫಿಗಾಗಿ ಕರ್ನಾಟಕ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು ಎಂಬುದನ್ನೂ ಅವರು ನೆನಪಿಸುತ್ತಾರೆ. ಅವರ ಗದರಿಕೆಯಲ್ಲಿ ನ್ಯಾಯವಿದೆ. ಆದರೆ ಆ ಕಾಲದ ಆಟವನ್ನು ಕಣ್ಣಾರೆ ಕಾಣದ ನಾನು ಇಂದು ಆ ಹೋಲಿಕೆಗೆ ಕೈ ಹಾಕದೆ, ನಾನು ನೋಡಿದ ತಂಡದ ಮಟ್ಟಿಗೆ ಮಾತನಾಡುತ್ತೇನೆ.

ಮೊದಲಿಗೆ ಒಂದು ಷರತ್ತು. ಸುನಿಲ್ ಚೆಟ್ರಿಯವರ ಹೆಸರನ್ನು ಈ ವಾದದಿಂದ ಹೊರಗಿಡಬೇಕು. ಇದು ಅಗೌರವದಿಂದ ಹೇಳುವ ಮಾತಲ್ಲ. ಮೊದಲ ಋತುವಿನಿಂದಲೂ ತಂಡದೊಂದಿಗಿದ್ದು, ನಲವತ್ತು ತುಂಬಿದ ಮೇಲೂ 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ 14 ಗೋಲು ಹೊಡೆದ ಆಟಗಾರನನ್ನು ಪಟ್ಟಿಗೆ ಸೇರಿಸಿದರೆ, ವಾದ ಆರಂಭವಾಗುವ ಮುನ್ನವೇ ಮುಗಿದುಹೋಗುತ್ತದೆ. ಎರಡನೆಯ ಹೆಸರು ಯಾವುದು ಎಂಬಲ್ಲಿಂದಲೇ ನಿಜವಾದ ಚರ್ಚೆ ತೊಡಗುವುದು, ಮತ್ತು ಅಲ್ಲಿಯೇ ಒಬ್ಬೊಬ್ಬರ ನೋಟ ಎಂಥದ್ದೆಂದು ಗೊತ್ತಾಗುವುದು.

ಸೂಪರ್ ಲೀಗ್‌ಗೆ ಬರುವ ಮುನ್ನ ತಂಡ ಆಡುತ್ತಿದ್ದ ಐ-ಲೀಗ್ ಕಾಲದಿಂದ ಅದನ್ನು ಹಿಂಬಾಲಿಸಿದವರದು ಒಂದು ಪಕ್ಷ. ಆಶ್ಲೆ ವೆಸ್ಟ್‌ವುಡ್ ತರಬೇತಿಯಲ್ಲಿ ತಂಡವು ತನ್ನ ಮೊದಲ ಋತುವಾದ 2013-14ರಲ್ಲಿಯೇ ಐ-ಲೀಗ್ ಗೆದ್ದದ್ದನ್ನೂ, 2015-16ರಲ್ಲಿ ಅದನ್ನು ಮತ್ತೆ ಗೆದ್ದದ್ದನ್ನೂ ಇವರು ಮನೆಯ ಮದುವೆಯ ದಿನಗಳಂತೆ ನೆನೆಯುತ್ತಾರೆ. ಇವರಲ್ಲಿ ಕೆಲವರ ಮತ ಇಂಗ್ಲೆಂಡಿನ ರಕ್ಷಣಾ ಆಟಗಾರ ಜಾನ್ ಜಾನ್ಸನ್‌ಗೆ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದರಷ್ಟೇ ಪ್ರಶಸ್ತಿ ಎಂಬ ಪಂದ್ಯದಲ್ಲಿ ನಮಗೆ ಮುನ್ನಡೆ ತಂದ ಗೋಲು ಜಾನ್ಸನ್ ಅವರದು. ಕೊನೆಯ ಕೆಲವು ನಿಮಿಷಗಳಲ್ಲಿ ಬೆಲ್ಲೊ ರಜಾಕ್ ಅದನ್ನು ಸಮ ಮಾಡಿ ಪ್ರಶಸ್ತಿಯನ್ನು ಕೋಲ್ಕತ್ತಕ್ಕೆ ಒಯ್ದದ್ದು ಇಂದಿಗೂ ಆರದ ನೋವು. ಅದೇ ಪಕ್ಷದ ಇನ್ನೊಂದು ಗುಂಪಿನ ಆಯ್ಕೆ ಮೇಘಾಲಯದ ಯೂಜಿನ್ಸನ್ ಲಿಂಗ್ಡೊ. 2015ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರನ್ನು ವರ್ಷದ ಆಟಗಾರನೆಂದು ಆರಿಸಿತು. ಕಾರ್ನರ್ ಇರಲಿ ಫ್ರೀಕಿಕ್ ಇರಲಿ, ಯೂಜಿನ್ಸನ್ ಚೆಂಡಿನ ಮುಂದೆ ನಿಂತರೆ ಏನೋ ಆಗಲಿದೆ ಎಂದು ನಾವು ಕುರ್ಚಿಯ ತುದಿಗೆ ಬರುತ್ತಿದ್ದೆವು. ಭಾರತೀಯ ಮಿಡ್‌ಫೀಲ್ಡರ್ ಒಬ್ಬ ಪಂದ್ಯದ ವೇಗವನ್ನು ತಾನೇ ನಿರ್ಧರಿಸುವುದನ್ನು ಈ ತಂಡದಲ್ಲಿ ಅಷ್ಟು ಚೆನ್ನಾಗಿ ನಾನು ಬೇರೆ ಯಾರಲ್ಲಿಯೂ ಕಂಡಿಲ್ಲ.

ಸೂಪರ್ ಲೀಗ್ ಕಾಲದಲ್ಲಿ ಅಭಿಮಾನಿಗಳಾದ ಕಾಲೇಜು ಹುಡುಗರಿಗೆ ಇದೆಲ್ಲ ಅಜ್ಜನ ಕಾಲದ ಕಥೆ. ಅವರ ಉತ್ತರ ಒಂದೇ: ವೆನೆಜುವೆಲಾದ ಮಿಕು. 2017-18ರ ಋತುವಿನಲ್ಲಿ ಮಿಕು 15 ಗೋಲು ಹೊಡೆದರು, ಚೆಟ್ರಿ 14. ಲೀಗ್ ಹಂತದ 18 ಪಂದ್ಯಗಳಲ್ಲಿ 40 ಅಂಕ ಪಡೆದ ತಂಡವು ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕಿಂತ 8 ಅಂಕ ಮುಂದಿತ್ತು. ಅಂಥ ಜೋಡಿಯನ್ನು ಕಂಡವರಿಗೆ ಬೇರೆ ಹೆಸರು ಹೊಳೆಯದಿದ್ದರೆ ಅವರನ್ನು ದೂರುವಂತಿಲ್ಲ. ಆದರೂ ಒಂದು ತೊಡಕಿದೆ. ಮಿಕು ತಮ್ಮ ಶಿಖರದಲ್ಲಿದ್ದ ಆ ಋತುವಿನ ಫೈನಲ್‌ನಲ್ಲಿ ತಂಡ ತನ್ನ ಮೈದಾನದಲ್ಲಿಯೇ 3-2ರಿಂದ ಸೋತಿತು. ಗಾಯದಿಂದಾಗಿ ಅವರು ಹಲವು ಪಂದ್ಯಗಳನ್ನು ಕಳೆದುಕೊಂಡ 2018-19ರಲ್ಲಿ ತಂಡ ಚಾಂಪಿಯನ್ ಆಯಿತು. ಇದು ಮಿಕು ಅವರ ಹಿರಿಮೆಗೆ ಕುಂದಲ್ಲ, ಆದರೆ ಗೋಲಿನ ಲೆಕ್ಕವೊಂದನ್ನೇ ಹಿಡಿದು ತೀರ್ಪು ಕೊಡುವವರು ಉತ್ತರಿಸಲೇಬೇಕಾದ ಪ್ರಶ್ನೆ.

ಈ ಗೋಲಿನ ಮೋಹಕ್ಕೆ ಕಾರಣ ಆಟಗಾರರಲ್ಲಿ ಇಲ್ಲ, ನಾವು ನೋಡುವ ರೀತಿಯಲ್ಲಿದೆ. ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ. ಹಾಸನದಲ್ಲಿ ಕುಳಿತು ಪಂದ್ಯ ನೋಡುವವನಿಗೆ ಚೆಂಡು ಇರುವ ಕಡೆಯ ಮೈದಾನ ಮಾತ್ರ ಕಾಣುತ್ತದೆ. ಮಾರನೆಯ ದಿನ ಮೊಬೈಲಿಗೆ ಬರುವ ಎರಡು ನಿಮಿಷದ ತುಣುಕಿನಲ್ಲಿ ಅದೂ ಕಿರಿದಾಗಿ ಗೋಲುಗಳಷ್ಟೇ ಉಳಿಯುತ್ತವೆ. ನಮ್ಮ ತಂಡ ಆಕ್ರಮಣಕ್ಕೆ ಏರಿದಾಗ ಹಿಂದೆ ಉಳಿದ ಇಬ್ಬರು ಎಲ್ಲಿ ನಿಂತಿದ್ದಾರೆ, ಎದುರಾಳಿಯ ಸ್ಟ್ರೈಕರ್ ಒಂದು ಹೆಜ್ಜೆ ಎಡಕ್ಕೆ ಸರಿದರೆ ಇವರು ಎಷ್ಟು ಸರಿಯುತ್ತಾರೆ, ಪಕ್ಕದವನಿಗೆ ಕೈಸನ್ನೆಯಿಂದ ಏನು ಹೇಳುತ್ತಾರೆ ಎಂಬುದೆಲ್ಲ ಗ್ಯಾಲರಿಯಲ್ಲಿ ಕುಳಿತವರ ಪಾಲಿಗೆ ಮಾತ್ರ ದಕ್ಕುವ ನೋಟ. ಅಂತಹ ಆಟಗಾರರು ಚೆನ್ನಾಗಿ ಆಡಿದ ದಿನ ಪರದೆಯ ಮೇಲೆ ಏನೂ ನಡೆಯುವುದಿಲ್ಲ, ನಡೆಯದಿದ್ದುದನ್ನು ಯಾರೂ ತುಣುಕು ಮಾಡಿ ಹಂಚುವುದಿಲ್ಲ.

ಆದ್ದರಿಂದಲೇ ನನ್ನ ಮತ ಸ್ಪೇನಿನ ರಕ್ಷಣಾ ಆಟಗಾರ ಜುವಾನನ್ ಅವರಿಗೆ. ಆಲ್ಬರ್ಟ್ ರೋಕಾ ತರಬೇತುದಾರರಾಗಿ ಬಂದ 2016ರಲ್ಲಿ ಅವರೂ ತಂಡವನ್ನು ಸೇರಿದರು. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಆ ವರ್ಷದ ಸೆಮಿಫೈನಲ್ ಈ ತಂಡದ ಚರಿತ್ರೆಯಲ್ಲಿಯೇ ದೊಡ್ಡ ರಾತ್ರಿ ಎಂಬುದರಲ್ಲಿ ನಮ್ಮ ಯಾವ ಪಕ್ಷಕ್ಕೂ ಭಿನ್ನಾಭಿಪ್ರಾಯವಿಲ್ಲ. ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡದೊಂದಿಗೆ ಅವರ ನೆಲದಲ್ಲಿ 1-1ರಿಂದ ಸಮ ಮಾಡಿಕೊಂಡು ಬಂದು, ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲನ್ನು ಎದುರಾಳಿಗೆ ಬಿಟ್ಟುಕೊಟ್ಟು, ಅಲ್ಲಿಂದ ಮೂರು ಗೋಲು ಹೊಡೆದು ಗೆದ್ದ ಪಂದ್ಯವದು. ಎರಡು ಗೋಲು ಚೆಟ್ರಿಯವರದು, ಮೂರನೆಯದು ಜುವಾನನ್ ಅವರದು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುನ್ನ ಆ ಟೂರ್ನಿಯ ಫೈನಲ್ ತಲುಪಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 1-0ರಿಂದ ಸೋತೆವು, ಆ ಮಾತು ಬೇರೆ.

ಆದರೆ ನಾನು ಅವರನ್ನು ಆರಿಸುವುದು ಆ ಒಂದು ಗೋಲಿಗಾಗಿ ಅಲ್ಲ. ಹಾಗೆ ಆರಿಸಿದರೆ ನನ್ನ ವಾದವನ್ನು ನಾನೇ ಕೆಡವಿದಂತಾಗುತ್ತದೆ. 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್, 2018-19ರ ಸೂಪರ್ ಲೀಗ್ ಈ ಮೂರೂ ಗೆಲುವುಗಳ ತಂಡದಲ್ಲಿ ಜುವಾನನ್ ಇದ್ದರು. ಈ ನಡುವೆ ತಂಡ ಒಂದು ಲೀಗ್‌ನಿಂದ ಇನ್ನೊಂದು ಲೀಗ್‌ಗೆ ಬಂತು, ತರಬೇತುದಾರರ ಕುರ್ಚಿ ರೋಕಾ ಅವರಿಂದ ಕಾರ್ಲೆಸ್ ಕ್ವಾದ್ರಾತ್ ಅವರಿಗೆ ಹೋಯಿತು, ಯೂಜಿನ್ಸನ್ ಹೋದರು, ಜಾನ್ಸನ್ ಹೋದರು, ಮಿಕು ಬಂದು ಹೋದರು. ಇಷ್ಟೆಲ್ಲ ಬದಲಾದರೂ ರಕ್ಷಣೆಯ ನಡುಭಾಗ ಒಡೆಯದೆ ಉಳಿದದ್ದು ಬರಿಯ ಅದೃಷ್ಟವೆಂದು ನಾನು ನಂಬುವುದಿಲ್ಲ. ಮುಂದೆ ಅವರು ಹೈದರಾಬಾದ್ ತಂಡವನ್ನು ಸೇರಿದಾಗ, ಆ ತಂಡವೂ 2022ರಲ್ಲಿ ಸೂಪರ್ ಲೀಗ್ ಗೆದ್ದಿತು.

ಇದಕ್ಕೆ ಎದುರು ಬರುವ ಬಲವಾದ ಆಕ್ಷೇಪ ಮತ್ತೆ 2018ರ ಫೈನಲ್ ಕುರಿತದ್ದೇ. ಚೆನ್ನೈಯಿನ್ ತಂಡದ ಮೂರು ಗೋಲುಗಳಲ್ಲಿ ಎರಡನ್ನು ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ತಲೆಯಿಂದಲೇ ಹೊಡೆದರು. ರಕ್ಷಣೆಯನ್ನು ಹೊಗಳುವವರು ಆ ರಾತ್ರಿಯನ್ನು ಹೇಗೆ ಮರೆಯುತ್ತಾರೆ ಎಂದು ಮಿಕು ಪಕ್ಷದವರು ಕೇಳುತ್ತಾರೆ. ಮರೆಯುವುದಿಲ್ಲ. ಎತ್ತರದ ಆಟಗಾರರೇ ತುಂಬಿದ್ದ ತಂಡ ಒಂದೇ ಬಗೆಯ ಪೆಟ್ಟನ್ನು ಎರಡು ಸಲ ತಿಂದದ್ದಕ್ಕೆ ಸಮಜಾಯಿಷಿ ಇಲ್ಲ. ಆದರೆ ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಗೋಲುಗಳ ಮಳೆಗರೆಯುತ್ತಿದ್ದ ಗೋವಾ ತಂಡಕ್ಕೆ ಹೆಚ್ಚುವರಿ ಸಮಯವೂ ಸೇರಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡದೆ ಇದೇ ತಂಡ ಪ್ರಶಸ್ತಿ ಗೆದ್ದಿತು. 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಅವರ ಕಾರ್ನರ್‌ಗೆ ತಲೆಕೊಟ್ಟು ಗೋಲು ಗಳಿಸಿದ ರಾಹುಲ್ ಭೆಕೆ ಕೂಡ ರಕ್ಷಣಾ ಆಟಗಾರರೇ.

ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅವರ ಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆಂದು ನನಗೆ ಗೊತ್ತು. 2018-19 ಮತ್ತು 2019-20ರಲ್ಲಿ ಸತತವಾಗಿ ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೋವ್ ಪಡೆದವರನ್ನು ಕಡೆಗಣಿಸುವಂತಿಲ್ಲ, ಆದರೆ ಆ ಕೈಗವಸಿನಲ್ಲಿ ಅವರ ಮುಂದೆ ನಿಂತು ಆಡಿದವರ ಪಾಲೂ ಇದೆಯಲ್ಲವೇ? ನನ್ನ ಪಟ್ಟಿಯಲ್ಲಿ ಜುವಾನನ್ ಮೊದಲು, ಯೂಜಿನ್ಸನ್ ಎರಡನೆಯವರು. ಮೂರನೆಯ ಸ್ಥಾನಕ್ಕೆ ಮಿಕು ಮತ್ತು ಗುರುಪ್ರೀತ್ ಪಕ್ಷದವರು ಮಹಾರಾಜ ಪಾರ್ಕಿನಲ್ಲಿ ತಮ್ಮೊಳಗೇ ಕಾದಾಡಿಕೊಳ್ಳಲಿ.

ನಮಸ್ಕಾರ.